ರಸ್ತೆಯ ಜೊತೆಗೇ ಕ್ಯಾಮೆರಾನೂ ಬರಲಿ

ಬೆಂಗಳೂರಿನಲ್ಲಿ ಕೆಲಸ ಮಾಡೋ ನಮ್ಮ ಕೊಡಗಿನವರ ಶುಕ್ರವಾರದ ಲೆಕ್ಕ ಒಂದೇ. ಎಷ್ಟು ಗಂಟೆಗೆ ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರಬಹುದು? ಮೈಸೂರುವರೆಗೆ ದೊಡ್ಡ ರಸ್ತೆ ಆದಮೇಲೆ ಆ ಲೆಕ್ಕ ಸುಲಭವಾಗಿದೆ. ಇನ್ನು ಮೈಸೂರು ಕಡೆಯಿಂದ ಕುಶಾಲನಗರದ ಗುಡ್ಡೆಹೊಸೂರುವರೆಗೆ ಸುಮಾರು 92 ಕಿ.ಮೀ. ನಾಲ್ಕು ಪಥದ ಹೆದ್ದಾರಿಯೂ ಬರ್ತಾ ಇದೆ. ಊರಿನವರೆಲ್ಲ ಕೇಳೋದು "ಯಾವಾಗ ಮುಗಿಯುತ್ತೆ?" ಅಂತ. ನನ್ನ ಪ್ರಶ್ನೆ ಬೇರೆ. ಆ ರಸ್ತೆಯ ಮೇಲೆ ವೇಗ ಅಳೆಯುವ ಕ್ಯಾಮೆರಾ ಮೊದಲ ದಿನದಿಂದಲೇ ಇರುತ್ತಾ, ಅಥವಾ ಒಂದಷ್ಟು ಜನ ಸತ್ತ ಮೇಲೆ ಬರುತ್ತಾ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಮೈಸೂರು-ಕುಶಾಲನಗರ ರಸ್ತೆಗೆ ಶಂಕುಸ್ಥಾಪನೆ ಆದದ್ದೂ ಅದೇ ದಿನ. ಆ ಹೊಸ ಹೆದ್ದಾರಿಯಲ್ಲಿ ಆ ವರ್ಷ ಮೇ ತಿಂಗಳೊಂದರಲ್ಲೇ 29 ಜನ ಪ್ರಾಣ ಬಿಟ್ಟರು. ಜೂನ್‌ನಲ್ಲಿ 28 ಜನ. ಆಮೇಲೆ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಅವರ ಉಸ್ತುವಾರಿಯಲ್ಲಿ ಪೊಲೀಸರು ರೇಡಾರ್ ಗನ್ ಹಿಡಿದು ನಿಂತರು. ಗಂಟೆಗೆ 100 ಕಿ.ಮೀ. ಮಿತಿ ದಾಟಿದವರಿಗೆ ದಂಡ ಬಿತ್ತು. ಜುಲೈನಲ್ಲಿ ಸತ್ತವರ ಸಂಖ್ಯೆ 8ಕ್ಕೆ ಇಳಿಯಿತು.

"ಬೈಕ್, ಆಟೋ ನಿಲ್ಲಿಸಿದ್ರಲ್ಲ, ಅದಕ್ಕೇ ಕಮ್ಮಿ ಆಯ್ತು" ಅಂತ ಹೇಳೋರಿದ್ದಾರೆ. ಆ ನಿಷೇಧ ಜಾರಿಗೆ ಬಂದದ್ದು ಆಗಸ್ಟ್ 1ರಿಂದ. ಅಂದ್ರೆ ಜುಲೈನ ಇಳಿಕೆಗೆ ಅದು ಕಾರಣ ಆಗಿರಲಿಕ್ಕಿಲ್ಲ. ಒಂದೇ ತಿಂಗಳ ಅಂಕಿ ನೋಡಿ ತೀರ್ಪು ಕೊಡಬಾರದು, ಪೊಲೀಸರ ಓಡಾಟ ಹೆಚ್ಚಿದ್ದೂ ಒಂದು ಕಾರಣ ಇರಬಹುದು, ಒಪ್ಪಿದೆ. ಆದರೆ ರಸ್ತೆ ಅದೇ, ಚಾಲಕರು ಅವರೇ. ಬದಲಾಗಿದ್ದು "ಯಾರೋ ನೋಡ್ತಿದ್ದಾರೆ" ಅನ್ನೋ ಭಾವನೆ. ಮುಂದೆ ಅದೇ ಹೆದ್ದಾರಿಗೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್‌ನಿಂದ ಗಂಟೆಗೆ 130 ಕಿ.ಮೀ. ದಾಟಿದರೆ ಎಫ್‌ಐಆರ್ ಅಂತ ರಾಜ್ಯದಲ್ಲೆಲ್ಲ ಪೊಲೀಸರು ಘೋಷಿಸಿದರು.

ಹೊರದೇಶಗಳ ಅನುಭವವೂ ಇದೇ. ಬೇರೆ ಬೇರೆ ದೇಶಗಳ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2010ರ ಕೊಕ್ರೇನ್ ಸಮೀಕ್ಷೆಯ ಪ್ರಕಾರ, ಕ್ಯಾಮೆರಾ ಇರುವ ಜಾಗಗಳ ಸುತ್ತಮುತ್ತ ಸಾವು ಮತ್ತು ಗಂಭೀರ ಗಾಯದ ಅಪಘಾತಗಳು ಶೇ. 11ರಿಂದ 44ರಷ್ಟು ಕಡಿಮೆಯಾಗಿದ್ದವು. ತಮಾಷೆ ಏನು ಗೊತ್ತಾ? ವೇಗದ ಕ್ಯಾಮೆರಾಕ್ಕೆ ದಾರಿ ಹಾಕಿಕೊಟ್ಟ ನೆದರ್ಲೆಂಡ್ಸ್‌ನ ಮೌರಿಟ್ಸ್ ಗಾಟ್ಸೊನಿಡೆಸ್ ಒಬ್ಬ ರೇಸ್ ಚಾಲಕ. 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವರು. ತಿರುವುಗಳಲ್ಲಿ ಇನ್ನೂ ಜೋರಾಗಿ ಹೋಗೋದು ಹೇಗೆ ಅಂತ ತಿಳಿಯಲು ತಮ್ಮದೇ ವೇಗ ಅಳೆಯುವ ಯಂತ್ರ ಮಾಡಿಕೊಂಡಿದ್ದರು!

ಕ್ಯಾಮೆರಾ ಹೇಗೆ ಅಳೆಯುತ್ತೆ?

ಎರಡು ಬಗೆ ಇದೆ. ಒಂದು, ಅದೇ ಕ್ಷಣದ ವೇಗ ಅಳೆಯೋದು. ರೇಡಾರ್ ಅಲೆ ಗಾಡಿಗೆ ತಾಗಿ ವಾಪಸ್ ಬರುವಾಗ ಅದರ ಆವರ್ತನ ಬದಲಾಗುತ್ತೆ. ಆ ಬದಲಾವಣೆಯಿಂದ ವೇಗ ಸಿಗುತ್ತೆ. ಇದರಲ್ಲಿ ಒಂದು ತೊಂದರೆ ಇದೆ. ಕಂಬ ಕಂಡ ಕೂಡಲೇ ಬ್ರೇಕ್, ದಾಟಿದ ಕೂಡಲೇ ಆಕ್ಸಿಲರೇಟರ್. ಈ ಆಟ ನೀವೂ ನೋಡಿರ್ತೀರಿ.

ಇನ್ನೊಂದು, ಸರಾಸರಿ ವೇಗ. ಹತ್ತು ಕಿ.ಮೀ. ಅಂತರದಲ್ಲಿ ಎರಡು ಕ್ಯಾಮೆರಾ ಇದೆ ಅಂತಿಟ್ಟುಕೊಳ್ಳಿ. ಎರಡೂ ನಿಮ್ಮ ನಂಬರ್ ಪ್ಲೇಟ್ ಓದಿ ಸಮಯ ಬರೆದುಕೊಳ್ಳುತ್ತವೆ. 100ರ ಮಿತಿಯಲ್ಲಿ ಬಂದರೆ ಆರು ನಿಮಿಷ ಬೇಕು. ಐದೇ ನಿಮಿಷಕ್ಕೆ ಬಂದಿರಿ ಅಂದ್ರೆ ಸರಾಸರಿ 120. ಕಂಬದ ಹತ್ತಿರ ನಿಧಾನ ಮಾಡಿದರೂ ತಪ್ಪಿಸಿಕೊಳ್ಳೋಕೆ ಆಗಲ್ಲ.

ಕೊಡಗಿಗೆ ಯಾಕೆ ಬೇಕು?

ನಮ್ಮ ರಸ್ತೆಗಳಿಗೆ ಫುಟ್‌ಪಾತ್ ಇಲ್ಲ. ಒಂದು ಕಡೆ ತೋಟದ ಬೇಲಿ, ಇನ್ನೊಂದು ಕಡೆ ಚರಂಡಿ. ಕಾಫಿ ಕುಯ್ಲಿನ ಕಾಲದಲ್ಲಿ ಬೆಳಗ್ಗೆ, ಸಂಜೆ ಕಾರ್ಮಿಕರು ರಸ್ತೆ ಅಂಚಿನಲ್ಲೇ ಸಾಲಾಗಿ ನಡೀತಾರೆ. ಶಾಲೆ ಮಕ್ಕಳೂ ಅಲ್ಲೇ. ಜೂನ್ ಬಂತು ಅಂದ್ರೆ ಮಳೆ, ಮಂಜು. ಸಾಮಾನ್ಯ ಭೌತಶಾಸ್ತ್ರದ ಲೆಕ್ಕ ನೋಡಿ: ಒದ್ದೆ ರಸ್ತೆಯಲ್ಲಿ 60ರಲ್ಲಿ ಹೋಗುವ ಕಾರು, ಚಾಲಕ ಬೆಚ್ಚಿ ಬ್ರೇಕ್ ಒತ್ತಿ ನಿಲ್ಲಿಸುವಷ್ಟರಲ್ಲಿ ಸುಮಾರು 50 ಮೀಟರ್ ಮುಂದೆ ಹೋಗಿರುತ್ತೆ. 80ರಲ್ಲಿ ಇದ್ದರೆ ಸುಮಾರು 85 ಮೀಟರ್. ಇಪ್ಪತ್ತು ಕಿ.ಮೀ. ವೇಗ ಜಾಸ್ತಿ ಆಗಿದ್ದಕ್ಕೆ ಮೂವತ್ತೈದು ಮೀಟರ್ ಜಾಸ್ತಿ. ಅಷ್ಟರೊಳಗೆ ಯಾರಿದ್ದಾರೆ ಅನ್ನೋದೇ ಪ್ರಶ್ನೆ.

ಮನುಷ್ಯರು ಮಾತ್ರ ಅಲ್ಲ. 2017ರ ಅಕ್ಟೋಬರ್‌ನಲ್ಲಿ ಮತ್ತಿಗೋಡು ಶಿಬಿರದ ಆನೆ ರಂಗ ಬಸ್ಸಿಗೆ ಸಿಕ್ಕಿ ಸತ್ತಿದ್ದು ಗೋಣಿಕೊಪ್ಪ-ಹುಣಸೂರು ರಸ್ತೆಯಲ್ಲಿ. ಆನೆಯಂಥ ಆನೆಯೇ ಕಾಣದಷ್ಟು ಅವಸರ ಅಂದ್ರೆ, ನಡೆದು ಹೋಗುವ ಕಾರ್ಮಿಕರ ಗತಿ ಏನು?

ಹೊಸ ಹೆದ್ದಾರಿ ಬಂದ ಮೇಲೆ ಇನ್ನೊಂದು ಅಪಾಯ ಸೇರಿಕೊಳ್ಳುತ್ತೆ. ಬೆಂಗಳೂರಿನಿಂದ ಗುಡ್ಡೆಹೊಸೂರುವರೆಗೆ 100ರಲ್ಲಿ ಬಂದವರ ಕಣ್ಣಿಗೆ, ಕಾಲಿಗೆ ಆ ವೇಗವೇ ಅಭ್ಯಾಸ ಆಗಿಬಿಟ್ಟಿರುತ್ತೆ. 60 ಅಂದ್ರೆ ತೆವಳಿದ ಹಾಗೆ ಅನ್ನಿಸುತ್ತೆ. ಅಲ್ಲಿಂದ ಸುಂಟಿಕೊಪ್ಪ, ಮಡಿಕೇರಿ ಕಡೆಗೆ ಏರು, ತಿರುವಿನ ರಸ್ತೆ. ಸರಾಸರಿ ವೇಗದ ಕ್ಯಾಮೆರಾ ಎಲ್ಲಕ್ಕಿಂತ ಮೊದಲು ಬೇಕಾಗಿರೋದು ಈ ಭಾಗದಲ್ಲಿ.

ನಮ್ಮಪ್ಪ ಇದನ್ನು ಕೇಳಿ, "ಕುಶಾಲನಗರದಿಂದ ಮಡಿಕೇರಿಗೆ ಮೂವತ್ತು ಕಿಲೋಮೀಟರ್. ಅವಸರ ಮಾಡಿ ಎಷ್ಟು ಉಳಿಸ್ತೀರಿ?" ಅಂದರು. ಲೆಕ್ಕ ಹಾಕಿದೆ. ಸರಾಸರಿ 40ರಲ್ಲಿ 45 ನಿಮಿಷ, 50ರಲ್ಲಿ 36 ನಿಮಿಷ. ಉಳಿಯೋದು ಒಂಬತ್ತು ನಿಮಿಷ. ಒಂದು ಲೋಟ ಕಾಫಿ ಕುಡಿಯೋ ಹೊತ್ತು.

ಆಕ್ಷೇಪಗಳೂ ಇವೆ

"ಇದೆಲ್ಲ ದುಡ್ಡು ಮಾಡೋ ದಾರಿ" ಅನ್ನೋದು ಮೊದಲನೇದು. ಈ ಅನುಮಾನ ಹೋಗಬೇಕಾದರೆ ಎಲ್ಲಿ ಕ್ಯಾಮೆರಾ ಇದೆ, ಅಲ್ಲಿ ಮೊದಲು ಎಷ್ಟು ಅಪಘಾತ ಆಗ್ತಿತ್ತು, ಈಗ ಎಷ್ಟು ಅಂತ ಜನರಿಗೆ ತಿಳಿಸಬೇಕು. ಕೇಂದ್ರದ 2021ರ ನಿಯಮದಲ್ಲೇ ಕ್ಯಾಮೆರಾ ಇರುವ ಕಡೆ ಎಚ್ಚರಿಕೆ ಫಲಕ ಇರಬೇಕು, 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತ ಇದೆ. ಬಚ್ಚಿಟ್ಟು ಹಿಡಿಯೋದಲ್ಲ, ನಿಧಾನ ಮಾಡಿಸೋದೇ ಇದರ ಉದ್ದೇಶ. ಹಾಗೇ 2023ರ ಫೆಬ್ರವರಿಯಲ್ಲಿ ಮಾಡಿದ ಹಾಗೆ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಡ್ತಾ ಹೋದರೆ, ಸಮಯಕ್ಕೆ ಕಟ್ಟಿದವರೇ ದಡ್ಡರು ಅಂದ ಹಾಗಾಗುತ್ತೆ.

ಎರಡನೇದು, ನಮ್ಮ ಹವೆ. ದಟ್ಟ ಮಂಜಿನಲ್ಲಿ ಪ್ಲೇಟ್ ಓದೋದು ಕಷ್ಟ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ಸೋಲಾರ್‌ಗೆ ಬಿಸಿಲೂ ಇಲ್ಲ. ಹಾಗಾಗಿ ದೊಡ್ಡ ಬ್ಯಾಟರಿ ಬೇಕು. ದಾಖಲೆಯನ್ನು ತನ್ನಲ್ಲೇ ಇಟ್ಟುಕೊಂಡು ನೆಟ್‌ವರ್ಕ್ ಬಂದಾಗ ಕಳಿಸುವ ವ್ಯವಸ್ಥೆ ಬೇಕು. ಸಾಫ್ಟ್‌ವೇರ್‌ನವನಾಗಿ ಹೇಳ್ತೀನಿ, ಇದೇನೂ ಅಸಾಧ್ಯದ ಕೆಲಸ ಅಲ್ಲ. ಆದರೆ ಟೆಂಡರ್ ಬರೆಯುವಾಗಲೇ ಕೇಳಬೇಕು. ಬಯಲುಸೀಮೆಯ ಯಂತ್ರ ತಂದು ಇಲ್ಲಿ ನಿಲ್ಲಿಸಿದರೆ ಜುಲೈನಲ್ಲಿ ಅದು ಬರೀ ಕಂಬ.

ಮೂರನೇದು, ತಿರುವಿನಲ್ಲಿ ಓವರ್‌ಟೇಕ್ ಮಾಡೋದನ್ನು ವೇಗದ ಕ್ಯಾಮೆರಾ ಹಿಡಿಯಲ್ಲ. ನಿಜ. ಅದಕ್ಕೆ ಪೊಲೀಸರು, ತಡೆಗೋಡೆ, ಸರಿಯಾದ ಗುರುತುಗಳು ಬೇಕೇ ಬೇಕು. ಕ್ಯಾಮೆರಾ ಎಲ್ಲ ರೋಗಕ್ಕೂ ಮದ್ದಲ್ಲ.

ಭಯ ಅಭ್ಯಾಸ ಆಗುತ್ತೆ ಅನ್ನೋದಕ್ಕೆ ಪಕ್ಕದ ಕೇರಳವೇ ಸಾಕ್ಷಿ. ಅಲ್ಲಿ 2023ರ ಜೂನ್ 5ರಿಂದ ಎಐ ಕ್ಯಾಮೆರಾಗಳು ದಂಡ ಹಾಕಲು ಶುರುಮಾಡಿದವು. 726 ಕ್ಯಾಮೆರಾಗಳಲ್ಲಿ ಹೆಚ್ಚಿನವು ಹೆಲ್ಮೆಟ್, ಸೀಟ್ ಬೆಲ್ಟ್ ನೋಡುವಂಥವು. ಮಾಕುಟ್ಟ ಗಡಿ ದಾಟುತ್ತಿದ್ದಂತೆ ನಮ್ಮವರೇ ಬೆಲ್ಟ್ ಎಳೆದುಕೊಳ್ಳೋದನ್ನು ನೋಡಿಲ್ವಾ?

ಕೊನೆಗೆ ಮನೆಮಂದಿಗೆ ಎರಡು ಮಾತು. ನೋಟಿಸ್ ಹೋಗೋದು ಆರ್‌ಸಿಯಲ್ಲಿ ಹೆಸರಿರುವವರಿಗೆ. ಹಳೇ ಕಾರು ಮಾರಿದ್ದರೆ ಹೆಸರು ಬದಲಾಗಿದೆಯಾ ನೋಡಿಕೊಳ್ಳಿ, ಮೊಬೈಲ್ ನಂಬರ್ ಸರಿಮಾಡಿಸಿ. ಮತ್ತೆ, ಹೆದ್ದಾರಿ ಬಗ್ಗೆ ಊರಿನಲ್ಲಿ ಸಭೆ ನಡೆದಾಗ ಪರಿಹಾರ, ಸರ್ವಿಸ್ ರಸ್ತೆ ಎಲ್ಲ ಕೇಳ್ತೀವಲ್ಲ, ಅದರ ಜೊತೆ ಈ ಪ್ರಶ್ನೆಯನ್ನೂ ಕೇಳಿ: "ಕ್ಯಾಮೆರಾ ಎಲ್ಲೆಲ್ಲಿ, ಯಾವತ್ತಿಂದ?" ಉತ್ತರ ರಸ್ತೆ ಉದ್ಘಾಟನೆಗೆ ಮುಂಚೆಯೇ ಸಿಗಬೇಕು. ಮಂಡ್ಯದ ಮಣ್ಣಿನಲ್ಲಿ ಅಷ್ಟು ಜನ ಜೀವ ಕೊಟ್ಟು ಕಲಿಸಿದ ಪಾಠವನ್ನು ನಾವು ಮತ್ತೆ ಮೊದಲಿಂದ ಕಲಿಯಬೇಕಾಗಿಲ್ಲ.