ಕೊಲ್ಲಿ ರಾಷ್ಟ್ರಗಳಲ್ಲಿ ನೆಮ್ಮದಿಯ ಬದುಕು

ಉದ್ಯೋಗವನ್ನರಸಿ ಕೊಲ್ಲಿ ರಾಷ್ಟ್ರಗಳಿಗೆ ತೆರಳಿದ ಕನ್ನಡಿಗರಲ್ಲಿ ಕರಾವಳಿ ಜಿಲ್ಲೆಗಳವರು ಮೊದಲಿನಿಂದಲೂ ಮುಂದಿದ್ದಾರೆ. ಊರಿನಿಂದ ನೇರವಾಗಿ ಹೋದವರಿರುವಂತೆ ಮುಂಬಯಿಯಲ್ಲಿ ಕೆಲಕಾಲ ದುಡಿದು ಅಲ್ಲಿಂದ ವಿಮಾನವೇರಿದವರೂ ಉಂಟು. ಅನ್ಯಭಾಷಿಕರ ನಡುವೆ ಬಾಳುವುದು ಇಂತಹವರಿಗೆ ಹೊಸದಲ್ಲ. ಆದರೆ ಮುಂಬಯಿಯಲ್ಲಿ ಕೆಲಸ ಒಗ್ಗದಿದ್ದರೆ ಬೇರೊಂದನ್ನು ಹುಡುಕಬಹುದು, ಇಲ್ಲವೇ ರಾತ್ರಿಯ ಬಸ್ಸಿನಲ್ಲಿ ಊರಿಗೆ ಮರಳಬಹುದು. ಕೊಲ್ಲಿಯಲ್ಲಿ ದುಡಿಯುವವನ ವಾಸದ ಪರವಾನಗಿಯು ಸಾಮಾನ್ಯವಾಗಿ ಆತನ ಉದ್ಯೋಗದೊಂದಿಗೇ ಬೆಸೆದುಕೊಂಡಿರುತ್ತದೆ. ಆದ್ದರಿಂದ ಅಲ್ಲಿನ ನೆಮ್ಮದಿಯು ಮನೋಧೈರ್ಯಕ್ಕಿಂತ ಹೆಚ್ಚಾಗಿ, ಹೊರಡುವ ಮುನ್ನ ಮಾಡಿಕೊಂಡ ಸಿದ್ಧತೆಯನ್ನು ಅವಲಂಬಿಸಿದೆ.

ನೆಮ್ಮದಿಯ ಮೊದಲ ಶತ್ರು ಸಾಲ. ವೀಸಾಕ್ಕಾಗಿ ಒಡವೆಯನ್ನು ಅಡವಿಟ್ಟು ಹೋದವನು ಸಂಬಳ ತಡವಾದರೂ, ಹೇಳಿದ ಕೆಲಸ ದೊರೆಯದಿದ್ದರೂ ಬಾಯಿಬಿಡಲಾರ. ಬಡ್ಡಿಯೇ ಆತನನ್ನು ಕಟ್ಟಿಹಾಕುತ್ತದೆ. 1983ರ ವಲಸೆ ಕಾಯ್ದೆಯ ಮೇರೆಗೆ ನೋಂದಾಯಿತ ಏಜೆಂಟರು ಮಾತ್ರ ವಿದೇಶಗಳಿಗೆ ಕೆಲಸಗಾರರನ್ನು ಭರ್ತಿ ಮಾಡಬಹುದಾಗಿದ್ದು, ಅವರು ಪಡೆಯಬಹುದಾದ ಸೇವಾಶುಲ್ಕದ ಗರಿಷ್ಠ ಮಿತಿ ತೆರಿಗೆಯ ಹೊರತಾಗಿ 30,000 ರೂಪಾಯಿ. ಇದಕ್ಕೂ ಮೀರಿ ಕೇಳುವವರನ್ನು ನಂಬತಕ್ಕದ್ದಲ್ಲ. ಏಜೆಂಟರ ಹೆಸರುಗಳನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಬಹುದು. ಮುಂಬಯಿ, ಚೆನ್ನೈ, ಹೈದರಾಬಾದ್, ದೆಹಲಿ ಮತ್ತು ಬೆಂಗಳೂರುಗಳಲ್ಲಿ ವಲಸೆಗಾರರ ಸಂರಕ್ಷಣಾಧಿಕಾರಿಗಳ ಕಚೇರಿಗಳೂ ಇವೆ. ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯುವುದು ಸಾಮಾನ್ಯವಾಗಿ ಕಡ್ಡಾಯ. ಇದನ್ನು ಅನೇಕರು ಕಿರುಕುಳವೆಂದು ಭಾವಿಸಿ, ಸಂದರ್ಶಕರ ವೀಸಾದ ಮೇಲೆ ಹೋಗಿ ಕೆಲಸಕ್ಕೆ ಸೇರುತ್ತಾರೆ. ಈ ಅಡ್ಡದಾರಿಯಿಂದ ಉಳಿಯುವುದು ಕೆಲವು ದಿನಗಳು ಮಾತ್ರ, ಕಳೆದುಕೊಳ್ಳುವುದು ಕರಾರುಪತ್ರದ ರಕ್ಷಣೆಯನ್ನು. ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ ಅಪಘಾತದಿಂದಾಗುವ ಮರಣ ಹಾಗೂ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಗಳ ವಿಮೆಯಿರುತ್ತದೆ.

ಅಲ್ಲಿಗೆ ಸೇರಿದ ಮೇಲೆ ಮೊದಲ ಬೇಸಗೆಯೇ ಕಠಿಣ ಪರೀಕ್ಷೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವುದು ನಿಷಿದ್ಧ. ಈ ವಿರಾಮವು ಕಾರ್ಮಿಕನ ಹಕ್ಕೇ ಹೊರತು ಮಾಲೀಕನ ಕೃಪೆಯಲ್ಲ. ಊಟದಲ್ಲಿ ಕೈಬಿಗಿ ಹಿಡಿದು ಹಣ ಉಳಿಸುವವರು ಕೊನೆಗೆ ಆರೋಗ್ಯವನ್ನು ಕಳೆದುಕೊಳ್ಳುತ್ತಾರೆ. ಕೋಣೆಯ ನಾಲ್ಕಾರು ಮಂದಿ ಸರದಿಯಂತೆ ಅಡುಗೆ ಮಾಡಿಕೊಂಡರೆ ಖರ್ಚೂ ತಗ್ಗುತ್ತದೆ, ಕುಚ್ಚಲಕ್ಕಿಯ ಗಂಜಿಯೂ ದೊರೆಯುತ್ತದೆ.

ಒಂಟಿತನದ ಸಂಗತಿ ಇನ್ನೂ ಸೂಕ್ಷ್ಮವಾದುದು. ಸೌದಿ ಅರೇಬಿಯಾದ ಗಡಿಯಾರವು ಭಾರತದ್ದಕ್ಕಿಂತ ಎರಡೂವರೆ ತಾಸು ಹಿಂದೆ. ರಿಯಾಧಿನಲ್ಲಿ ರಾತ್ರಿ ಹತ್ತಕ್ಕೆ ಊಟ ಮುಗಿಸಿ ಫೋನು ಹಿಡಿಯುವವನ ಮಕ್ಕಳು ಆ ವೇಳೆಗೆ ನಿದ್ರಿಸಿರುತ್ತಾರೆ. ರಜೆಯ ದಿನ ಮನೆಯವರೊಡನೆ ಮಾತಿಗೆ ಒಂದು ಹೊತ್ತನ್ನು ಗೊತ್ತುಪಡಿಸಿಕೊಳ್ಳುವುದು ಒಳ್ಳೆಯದು. ಆ ಮಾತುಕತೆ ಹಣದ ವಿಚಾರದಲ್ಲಿಯೇ ಮುಗಿಯಬಾರದು. ಇಲ್ಲಿ ಮನೆಯವರ ಹೊಣೆಯೂ ಸಣ್ಣದಲ್ಲ. ನೆರೆಯವರ ಮಗ ಮಹಡಿ ಕಟ್ಟಿಸಿದನೆಂಬ ಮಾತು ಫೋನಿನಲ್ಲಿ ಕೇಳಿದಾಗ, ಇಕ್ಕಟ್ಟಿನ ಕೋಣೆಯಲ್ಲಿ ಮಲಗಿರುವವನು ತನ್ನ ನಿಜಸ್ಥಿತಿಯನ್ನು ಮತ್ತಷ್ಟು ಮುಚ್ಚಿಡುತ್ತಾನೆ. ಸಂಬಳವೆಷ್ಟು, ಖರ್ಚೆಷ್ಟು, ಉಳಿಯುವುದೆಷ್ಟು ಎಂಬುದನ್ನು ಆರಂಭದಲ್ಲಿಯೇ ಮನೆಗೆ ತಿಳಿಸಿದವರು ಈ ಸಂಕಟದಿಂದ ಪಾರಾಗುತ್ತಾರೆ.

ಬಹರೈನ್, ಕತಾರ್, ಅಬುಧಾಬಿ ಮುಂತಾದೆಡೆ ಕನ್ನಡಿಗರ ಸಂಘಗಳಿವೆ. ರಾಜ್ಯೋತ್ಸವ, ಯಕ್ಷಗಾನಗಳ ನೆಪದಲ್ಲಿ ಅಲ್ಲಿಗೆ ಹೋಗುವ ಹೊಸಬರಿಗೆ ಕಾಯಿಲೆ ಬಿದ್ದಾಗ ಬಂದು ನೋಡುವ ನಾಲ್ವರ ಪರಿಚಯವಾಗುತ್ತದೆ. ಮಾಟುಂಗದ ಕನ್ನಡ ಸಂಸ್ಥೆಗಳನ್ನು ಬಲ್ಲ ಮುಂಬಯಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಂಬಳ ಬಾರದಿದ್ದರೆ ಅಥವಾ ಪಾಸ್‌ಪೋರ್ಟನ್ನು ಮಾಲೀಕನು ಕಿತ್ತಿರಿಸಿಕೊಂಡರೆ ವಿಳಂಬವಿಲ್ಲದೆ ಭಾರತೀಯ ರಾಯಭಾರ ಕಚೇರಿಗೆ ತಿಳಿಸತಕ್ಕದ್ದು. ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಸಂಕಷ್ಟಕ್ಕೊಳಗಾದ ಅರ್ಹರಿಗೆ ತಾತ್ಕಾಲಿಕ ಆಶ್ರಯ, ತುರ್ತುಚಿಕಿತ್ಸೆ ಮತ್ತು ಮರಳುವ ವಿಮಾನದ ಟಿಕೆಟ್ ಒದಗುತ್ತವೆ. 2015ರಲ್ಲಿ ಆರಂಭವಾದ ಮದದ್ ತಾಣದಲ್ಲಿ ಊರಿನಲ್ಲಿರುವ ಬಂಧುಗಳೂ ದೂರು ದಾಖಲಿಸಬಹುದು. ಆದ್ದರಿಂದ ಪಾಸ್‌ಪೋರ್ಟ್, ವೀಸಾ, ಕರಾರುಪತ್ರ ಮತ್ತು ವಿಮಾಪತ್ರಗಳ ಒಂದೊಂದು ಪ್ರತಿಯನ್ನು ಹೊರಡುವ ಮುನ್ನವೇ ಮನೆಯಲ್ಲಿ ಪತ್ನಿಯ ಅಥವಾ ತಂದೆತಾಯಿಯರ ಕೈಗೆ ಕೊಟ್ಟಿರಬೇಕು.