ವಿದೇಶದಲ್ಲಿ ಶಿಕ್ಷಕ ಹುದ್ದೆ: ವೀಸಾ ವಿಷಯದಲ್ಲಿ ಗಮನಿಸಬೇಕಾದ ಅಂಶಗಳು

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಹಾಗೂ ಜಗಳೂರು ತಾಲ್ಲೂಕುಗಳ ಗ್ರಾಮಗಳಲ್ಲಿ ಬಿ.ಇಡಿ. ಪದವಿ ಪಡೆದ ಯುವಕ ಯುವತಿಯರು ಈಗ ಅಪರೂಪವಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿಯೂ ನೇಮಕಾತಿ ಅಧಿಸೂಚನೆಯನ್ನು ಎದುರು ನೋಡುತ್ತ, ಅತಿಥಿ ಶಿಕ್ಷಕರಾಗಿ ಹತ್ತು ಹನ್ನೆರಡು ಸಾವಿರ ರೂಪಾಯಿಗಳ ಗೌರವಧನದಲ್ಲಿ ಕಾಲ ಕಳೆಯುತ್ತಿರುವವರು ಅನೇಕರಿದ್ದಾರೆ. ಇಂಥವರ ಮೊಬೈಲಿಗೆ "ದುಬೈ ಶಾಲೆಯಲ್ಲಿ ಶಿಕ್ಷಕರು ಬೇಕಾಗಿದ್ದಾರೆ, ಊಟ ವಸತಿ ಉಚಿತ" ಎಂಬ ಸಂದೇಶ ಬಂದಾಗ ಮನೆಮಂದಿಗೆಲ್ಲ ಆಸೆ ಮೂಡುವುದು ಸಹಜ. ವಿದೇಶಕ್ಕೆ ಹೋಗಿ ದುಡಿಯುವುದರಲ್ಲಿ ತಪ್ಪೇನೂ ಇಲ್ಲ. ಕ್ರಮಬದ್ಧವಾಗಿ ಹೋದವರು ಗೌರವದಿಂದ ಬಾಳುತ್ತಿದ್ದಾರೆ. ಆದರೆ ಕ್ರಮ ತಪ್ಪಿದರೆ ಅಡಿಕೆ ತೋಟದ ಮೇಲಿನ ಸಾಲವೂ ಅಡವಿಟ್ಟ ಒಡವೆಯೂ ಮನೆಯವರ ತಲೆಯ ಮೇಲೆಯೇ ಉಳಿಯುತ್ತವೆ.

ಸಾಲಕ್ಕೆ ಜಾಮೀನು ಕೇಳಲು, ದಾಖಲೆಯ ತಿದ್ದುಪಡಿ ವಿಚಾರಿಸಲು ಕುಟುಂಬದವರು ಮೊದಲು ಬರುವುದು ವಾರ್ಡಿನ ಸದಸ್ಯರ ಬಳಿಗೆ. ಆ ಹೊತ್ತಿನಲ್ಲಿ ಸದಸ್ಯರು ಸರಿಯಾದ ನಾಲ್ಕು ಪ್ರಶ್ನೆ ಕೇಳಬಲ್ಲವರಾದರೆ ದೊಡ್ಡ ನಷ್ಟ ತಪ್ಪುತ್ತದೆ. ಈ ಉದ್ದೇಶದಿಂದ ಮುಖ್ಯ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

1. ಭೇಟಿ ವೀಸಾ ಬೇರೆ, ಉದ್ಯೋಗ ವೀಸಾ ಬೇರೆ

ವೀಸಾ ಎಂಬುದು ನಿರ್ದಿಷ್ಟ ಉದ್ದೇಶಕ್ಕೆ, ನಿರ್ದಿಷ್ಟ ಅವಧಿಗೆ ಒಂದು ದೇಶವನ್ನು ಪ್ರವೇಶಿಸಲು ದೊರೆಯುವ ಅನುಮತಿ. ಪ್ರವಾಸಿ ವೀಸಾ ಅಥವಾ ಭೇಟಿ ವೀಸಾದಲ್ಲಿ ಹೋದವರು ಅಲ್ಲಿ ಸಂಬಳಕ್ಕೆ ಪಾಠ ಹೇಳುವಂತಿಲ್ಲ. "ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿಗೆ ತಲುಪಿದ ಮೇಲೆ ಬದಲಾಯಿಸಿಕೊಡುತ್ತೇವೆ" ಎಂಬ ಮಾತೇ ಹೆಚ್ಚಿನ ವಂಚನೆಗಳ ಮೊದಲ ಹೆಜ್ಜೆ.

ಸಂಯುಕ್ತ ಅರಬ್ ಎಮಿರೇಟ್ಸ್‌ನ ಕ್ರಮವನ್ನು ಉದಾಹರಣೆಯಾಗಿ ನೋಡಬಹುದು. ಅಲ್ಲಿ ಕೆಲಸದ ಪರವಾನಗಿಗೆ ಅರ್ಜಿ ಹಾಕಬೇಕಾದವರು ಶಾಲೆಯವರು, ಅಭ್ಯರ್ಥಿಯಲ್ಲ. ಪರವಾನಗಿ ದೊರೆತ ಬಳಿಕ ಉದ್ಯೋಗ ಪ್ರವೇಶಪತ್ರ, ಅನಂತರ ವೈದ್ಯಕೀಯ ಪರೀಕ್ಷೆ, ಗುರುತಿನ ಚೀಟಿ ಹಾಗೂ ನಿವಾಸ ಪರವಾನಗಿ ಎಂಬ ಕ್ರಮದಲ್ಲಿ ಕಾರ್ಯ ಸಾಗುತ್ತದೆ. ಆ ದೇಶದ 2021ರ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ವೆಚ್ಚವನ್ನು ನೌಕರನಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವಸೂಲು ಮಾಡುವಂತಿಲ್ಲ. ಆದುದರಿಂದ "ವೀಸಾ ಖರ್ಚು ಎರಡು ಲಕ್ಷ" ಎಂದು ಯಾರಾದರೂ ಕೇಳಿದರೆ ಅನುಮಾನಿಸಲು ಅಷ್ಟೇ ಸಾಕು.

ಗಂಡನ ಅವಲಂಬಿತ ವೀಸಾದಲ್ಲಿ ಹೋಗುವ ಹೆಣ್ಣುಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ವಾಸಿಸುವ ಅನುಮತಿ ಇದ್ದಮಾತ್ರಕ್ಕೆ ಬೋಧಿಸುವ ಅನುಮತಿ ಇದ್ದಂತಾಗದು. ಶಾಲೆಯವರು ಪ್ರತ್ಯೇಕವಾಗಿ ಕೆಲಸದ ಪರವಾನಗಿ ಪಡೆದ ಮೇಲೆಯೇ ತರಗತಿಗೆ ಕಾಲಿಡಬೇಕು.

ವೀಸಾ ಇಲ್ಲದೆ ಪ್ರವೇಶ ಸಿಗುವ, ಅಥವಾ ತಲುಪಿದ ಮೇಲೆ ವೀಸಾ ಕೊಡುವ ದೇಶಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಥಾಯ್ಲೆಂಡಿನಲ್ಲಿ ಉದ್ಯೋಗವೆಂದು ನಂಬಿಸಿ ಭಾರತದ ಯುವಕರನ್ನು ಅಕ್ರಮವಾಗಿ ಮ್ಯಾನ್ಮಾರ್ ಗಡಿಯೊಳಕ್ಕೆ ಸಾಗಿಸಿದ ಬಗ್ಗೆ ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತ್ತು. ಅಲ್ಲಿ ತೋರಿಸಿದ ಆಮಿಷ ಮಾಹಿತಿ ತಂತ್ರಜ್ಞಾನದ ಕೆಲಸ. ಶಿಕ್ಷಕ ಹುದ್ದೆಯ ಹೆಸರಿನಲ್ಲಿಯೂ ಅದೇ ದಾರಿ ಹಿಡಿಯುವುದು ಕಷ್ಟವೇನಲ್ಲ.

2. ಓದಿದವರಿಗೇ ತಪಾಸಣೆ ಕಡಿಮೆ

1983ರ ವಲಸೆ ಕಾಯ್ದೆಯಡಿ, ಹತ್ತನೆಯ ತರಗತಿ ಉತ್ತೀರ್ಣರಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇ.ಸಿ.ಆರ್. ವರ್ಗಕ್ಕೆ ಸೇರುತ್ತದೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಅಧಿಸೂಚಿತ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವ ಮುನ್ನ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಆಗ ಒಪ್ಪಂದ ಪತ್ರ, ಸಂಬಳ, ವಿಮೆ ಇವೆಲ್ಲ ಪರಿಶೀಲನೆಗೆ ಒಳಪಡುತ್ತವೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ 10 ಲಕ್ಷ ರೂಪಾಯಿಗಳ ವಿಮೆಯೂ ಅವರಿಗೆ ಕಡ್ಡಾಯ.

ಪದವೀಧರ ಶಿಕ್ಷಕರಿಗೆ ಈ ಅನುಮತಿ ಬೇಕಾಗಿಲ್ಲ. ಇದನ್ನು ಹಲವರು ಅನುಕೂಲವೆಂದು ಮಾತ್ರ ಭಾವಿಸುತ್ತಾರೆ. ವಾಸ್ತವದಲ್ಲಿ ಗಾರೆ ಕೆಲಸಕ್ಕೆ ಹೋಗುವವನ ಒಪ್ಪಂದವನ್ನು ಒಬ್ಬ ಅಧಿಕಾರಿ ಓದಿ ನೋಡುತ್ತಾರೆ. ಗಣಿತ ಬೋಧಿಸಲು ಹೋಗುವವಳ ಒಪ್ಪಂದವನ್ನು ಯಾರೂ ನೋಡುವುದಿಲ್ಲ. ಆದ್ದರಿಂದ ಆ ಪರಿಶೀಲನೆಯ ಹೊಣೆ ಅಭ್ಯರ್ಥಿಯದು ಮತ್ತು ಆಕೆಯ ಕುಟುಂಬದ್ದು.

3. ಏಜೆಂಟರ ನೋಂದಣಿ ಮತ್ತು ಶುಲ್ಕ

ವಿದೇಶಿ ಉದ್ಯೋಗಕ್ಕೆ ನೇಮಕಾತಿ ಮಾಡುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಹೊಂದಿರಬೇಕು. ನೋಂದಣಿ ಇಲ್ಲದೆ ನೇಮಕಾತಿ ನಡೆಸುವುದು ಮೇಲಿನ ಕಾಯ್ದೆಯಡಿ 2 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರಿಗಾದರೂ ಲಭ್ಯ. ಪಟ್ಟಿಯಲ್ಲಿ ಹೆಸರಿರುವುದಷ್ಟೇ ಸಾಲದು, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದನ್ನೂ ನೋಡಬೇಕು.

ಒಂದು ಅಂಶವನ್ನು ಪಂಚಾಯಿತಿಯವರಾದ ನಾವು ವಿಶೇಷವಾಗಿ ಗಮನಿಸಬೇಕು. ಗ್ರಾಮ ಪಂಚಾಯಿತಿ ನೀಡುವ ವ್ಯಾಪಾರ ಪರವಾನಗಿಯನ್ನೋ ಜಿ.ಎಸ್‌.ಟಿ. ಪ್ರಮಾಣಪತ್ರವನ್ನೋ ಗೋಡೆಗೆ ತೂಗುಹಾಕಿ "ಸರ್ಕಾರದ ಅನುಮತಿ ಇದೆ" ಎನ್ನುವವರಿದ್ದಾರೆ. ಅವು ಅಂಗಡಿ ನಡೆಸಲು ಇರುವ ಪತ್ರಗಳೇ ಹೊರತು ವಿದೇಶಕ್ಕೆ ಜನರನ್ನು ಕಳುಹಿಸುವ ಅಧಿಕಾರವಲ್ಲ. ಟಿಕೆಟ್ ಕಾಯ್ದಿರಿಸುವ ಟ್ರಾವೆಲ್ ಏಜೆನ್ಸಿಯ ವಿಷಯವೂ ಹಾಗೆಯೇ.

ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ. ಶೇ. 18ರ ಜಿ.ಎಸ್‌.ಟಿ. ಸೇರಿದರೆ 35,400 ರೂಪಾಯಿ. ಇದಕ್ಕೆ ರಸೀದಿ ಕೊಡಲೇಬೇಕು. ನಗದಾಗಿ ಕೊಡಿ, ರಸೀದಿ ಆಮೇಲೆ ಎಂದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಒಳಿತು.

4. ಹೆಸರು ಮತ್ತು ದಾಖಲೆಗಳು

ನಮ್ಮ ಭಾಗದಲ್ಲಿ ತಂದೆಯ ಹೆಸರು, ಊರಿನ ಹೆಸರುಗಳನ್ನು ಇನಿಷಿಯಲ್ ಆಗಿ ಬರೆಯುವುದು ವಾಡಿಕೆ. ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದಕ್ಷರ, ಪದವಿ ಪ್ರಮಾಣಪತ್ರದಲ್ಲಿ ಎರಡಕ್ಷರ, ಆಧಾರ್‌ನಲ್ಲಿ ಬರಿಯ ಹೆಸರು ಇರುವುದುಂಟು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್‌ಗೆ ಅವಕಾಶವಿಲ್ಲ, ವಿಸ್ತರಿಸಿಯೇ ಬರೆಯಬೇಕು. ಹೀಗಾಗಿ ಪಾಸ್‌ಪೋರ್ಟಿನ ಹೆಸರಿಗೂ ಪದವಿಯ ಹೆಸರಿಗೂ ಹೊಂದಿಕೆಯಾಗದೆ ವಿದೇಶದ ಕಚೇರಿಯಲ್ಲಿ ಕಡತ ನಿಂತುಬಿಡುತ್ತದೆ. ಉದ್ಯೋಗದ ಪತ್ರ ಬಂದ ಮೇಲೆ ತಿದ್ದುಪಡಿಗೆ ಓಡಾಡುವ ಬದಲು, ದಾವಣಗೆರೆಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವ ಮುನ್ನವೇ ಎಲ್ಲ ದಾಖಲೆಗಳಲ್ಲಿ ಹೆಸರು, ಜನ್ಮದಿನಾಂಕಗಳನ್ನು ಹೋಲಿಸಿ ನೋಡಬೇಕು.

ಇನ್ನೊಂದು ಅಂಶ ಪದವಿ ಪತ್ರಗಳ ದೃಢೀಕರಣ. ಭಾರತವು 2005ರಿಂದ ಹೇಗ್ ಅಪೋಸ್ಟಿಲ್ ಒಪ್ಪಂದದ ಸದಸ್ಯ. ಸದಸ್ಯ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಸಾಕು. ಸಂಯುಕ್ತ ಅರಬ್ ಎಮಿರೇಟ್ಸ್‌ನಂತಹ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಎರಡಕ್ಕೂ ಮೊದಲು ರಾಜ್ಯ ಮಟ್ಟದ ದೃಢೀಕರಣ ಆಗಿರಬೇಕು. ಈ ಕಾರ್ಯಕ್ಕೆ ವಾರಗಟ್ಟಲೆ ಹಿಡಿಯಬಹುದು. ದೂರಶಿಕ್ಷಣದಲ್ಲಿ ಪದವಿ ಪಡೆದವರು ಆ ದೇಶದಲ್ಲಿ ಅದಕ್ಕೆ ಮಾನ್ಯತೆ ಇದೆಯೇ ಎಂದು ಹಣ ಕಟ್ಟುವ ಮುನ್ನವೇ ಲಿಖಿತವಾಗಿ ಕೇಳಿಕೊಳ್ಳಬೇಕು. ಮೂಲ ಪ್ರಮಾಣಪತ್ರಗಳನ್ನು ಏಜೆಂಟರ ಬಳಿ "ಭದ್ರತೆಗಾಗಿ" ಬಿಡುವುದು ಸಲ್ಲದು.

5. ಅರ್ಹತೆಯ ಮಾನ್ಯತೆಯೇ ವೀಸಾ ಅಲ್ಲ

2023ರ ಫೆಬ್ರವರಿಯಿಂದ ಭಾರತದ ಶಿಕ್ಷಕರೂ ಇಂಗ್ಲೆಂಡಿನ ಅರ್ಹ ಶಿಕ್ಷಕ ಮಾನ್ಯತೆಗೆ ನೇರವಾಗಿ ಅರ್ಜಿ ಸಲ್ಲಿಸಬಹುದಾಗಿದೆ. 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಬೋಧಿಸುವವರಿಗೆ ಈ ಅವಕಾಶ. ಆದರೆ ಆ ಮಾನ್ಯತೆಯಿಂದ ವೀಸಾ ದೊರೆಯದು. ಪ್ರಾಯೋಜಕ ಪರವಾನಗಿ ಇರುವ ಶಾಲೆಯೊಂದು ಹುದ್ದೆ ನೀಡಿ, ಪ್ರಾಯೋಜಕತ್ವ ಪತ್ರ ಕೊಡಬೇಕು. ಅಂಥ ಪರವಾನಗಿದಾರರ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ಪ್ರಕಟಿಸುತ್ತದೆ. ಶಾಲೆಯ ಪರವಾನಗಿ ರದ್ದಾದರೆ ಶಿಕ್ಷಕರ ವೀಸಾ ಅವಧಿಯನ್ನು 60 ದಿನಗಳಿಗೆ ಮೊಟಕುಗೊಳಿಸಬಹುದು. ಅಷ್ಟರೊಳಗೆ ಬೇರೆ ಪ್ರಾಯೋಜಕರು ಸಿಗದಿದ್ದರೆ ಹಿಂದಿರುಗಬೇಕಾಗುತ್ತದೆ.

ಅಮೆರಿಕದ ಜೆ-1 ಶಿಕ್ಷಕ ವೀಸಾ ವಿನಿಮಯ ಕಾರ್ಯಕ್ರಮಕ್ಕೆ ಸೇರಿದ್ದು. ಅವಧಿ 3 ವರ್ಷ, ವಿಸ್ತರಣೆ ಸಿಕ್ಕರೆ ಮತ್ತೆರಡು ವರ್ಷ. ಇದನ್ನು ಗ್ರೀನ್ ಕಾರ್ಡಿನ ದಾರಿ ಎಂದು ಮಾರುವವರ ಮಾತನ್ನು ನಂಬಬಾರದು.

ವೀಸಾ ಉದ್ಯೋಗದಾತನಿಗೆ ಕಟ್ಟಿಹಾಕಿಕೊಂಡಿರುವುದರ ಪರಿಣಾಮ ಏನೆಂಬುದಕ್ಕೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯ ಪ್ರಕರಣವೇ ಸಾಕ್ಷಿ. ಅಲ್ಲಿನ ಸರ್ಕಾರಿ ಶಾಲಾ ಆಡಳಿತವು ತಾನು ಭರಿಸಬೇಕಿದ್ದ ಎಚ್-1ಬಿ ವೀಸಾ ವೆಚ್ಚವನ್ನು ವಿದೇಶಿ ಶಿಕ್ಷಕರ ಮೇಲೆ ಹೊರಿಸಿತ್ತು. ಅವರಲ್ಲಿ ಹೆಚ್ಚಿನವರು ಫಿಲಿಪ್ಪೀನ್ಸ್‌ನವರು. 2011ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯೊಡನೆ ಆದ ಒಪ್ಪಂದದಂತೆ 1,044 ಶಿಕ್ಷಕರಿಗೆ ಸುಮಾರು 42 ಲಕ್ಷ ಡಾಲರ್ ಹಿಂದಿರುಗಿಸಬೇಕಾಯಿತು. ಜೊತೆಗೆ ಎರಡು ವರ್ಷ ವಿದೇಶಿ ನೌಕರರಿಗೆ ಪ್ರಾಯೋಜಕತ್ವ ನೀಡದಂತೆ ಆ ಆಡಳಿತವನ್ನು ನಿರ್ಬಂಧಿಸಲಾಯಿತು. ಆ ನಿರ್ಬಂಧದಿಂದ ಅನೇಕ ಶಿಕ್ಷಕರ ವೀಸಾ ನವೀಕರಣವೇ ನಿಂತುಹೋಯಿತು. ತಪ್ಪು ಆಡಳಿತದ್ದು, ಹಣವೂ ಮರಳಿತು. ಆದರೂ ಊರು ಬಿಡಬೇಕಾದವರು ಶಿಕ್ಷಕರು.

6. ಒಪ್ಪಂದ ಪತ್ರ ಮತ್ತು ಪಾಸ್‌ಪೋರ್ಟ್

ಒಪ್ಪಂದದಲ್ಲಿ ಮೂಲ ವೇತನ, ಭತ್ಯೆ, ವಸತಿ, ಪರೀಕ್ಷಾರ್ಥ ಅವಧಿ, ಬೇಸಿಗೆ ರಜೆಯ ಸಂಬಳ, ಮರಳುವ ಟಿಕೆಟ್ ಹಾಗೂ ಅವಧಿಗೆ ಮುನ್ನ ಬಿಟ್ಟರೆ ಕೊಡಬೇಕಾದ ಪರಿಹಾರ ಇವು ಪ್ರತ್ಯೇಕವಾಗಿ ನಮೂದಾಗಿರಬೇಕು. ಹುದ್ದೆಯ ಹೆಸರು ವೀಸಾದಲ್ಲಿಯೂ ಒಪ್ಪಂದದಲ್ಲಿಯೂ ಒಂದೇ ಆಗಿರಬೇಕು. ವೀಸಾದಲ್ಲಿ "ಗುಮಾಸ್ತ" ಎಂದಿದ್ದರೆ ತರಗತಿಯಲ್ಲಿ ನಿಂತು ಪಾಠ ಮಾಡುವುದೇ ಕಾನೂನು ಉಲ್ಲಂಘನೆಯಾದೀತು.

ತಲುಪಿದ ಮೇಲೆ ಪಾಸ್‌ಪೋರ್ಟನ್ನು ಶಾಲೆಯವರ ವಶಕ್ಕೆ ಕೊಡುವ ಅಗತ್ಯವಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಪ್ರಕರಣದಂತೆ ಅದು ಕೇಂದ್ರ ಸರ್ಕಾರದ ಸ್ವತ್ತು.

7. ಸದಸ್ಯರು ಮಾಡಬಹುದಾದ ಕೆಲಸ

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಆರಂಭವಾದಾಗ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಸಮುದಾಯದ ಕೆಲವರೂ ಶಿವಮೊಗ್ಗ, ಮೈಸೂರು ಜಿಲ್ಲೆಗಳ ಅವರ ಬಂಧುಗಳೂ ಅಲ್ಲಿ ಸಿಲುಕಿದ್ದುದು ಎಲ್ಲರಿಗೂ ನೆನಪಿದೆ. ಆಪರೇಷನ್ ಕಾವೇರಿಯ ಮೂಲಕ 3,800ಕ್ಕೂ ಹೆಚ್ಚು ಮಂದಿಯನ್ನು ಅಲ್ಲಿಂದ ಹೊರತರಲಾಯಿತು. ಅವರು ಶಿಕ್ಷಕರಲ್ಲ, ಗಿಡಮೂಲಿಕೆ ಮಾರಲು ಹೋದವರು. ಆದರೆ ದಾವಣಗೆರೆ ಜಿಲ್ಲೆಯ ಹಳ್ಳಿಗೂ ದೂರದ ದೇಶದ ಗಲಭೆಗೂ ಎಷ್ಟು ಹತ್ತಿರದ ಸಂಬಂಧವಿದೆ ಎಂಬುದನ್ನು ಆ ಘಟನೆ ತೋರಿಸಿತು. ಇಂಥ ಸಂದರ್ಭದಲ್ಲಿ ಯಾರು, ಎಲ್ಲಿ, ಯಾವ ಪಾಸ್‌ಪೋರ್ಟಿನಲ್ಲಿ ಇದ್ದಾರೆ ಎಂಬ ವಿವರ ಮನೆಯಲ್ಲಿ ಇದ್ದರೆ ಮೊದಲ ದಿನವೇ ಅಧಿಕಾರಿಗಳಿಗೆ ತಲುಪಿಸಬಹುದು.

ಸದಸ್ಯರು ತಮ್ಮ ವಾರ್ಡಿನಲ್ಲಿ ವಿದೇಶಕ್ಕೆ ಹೊರಟವರ ಕುಟುಂಬಕ್ಕೆ ಈ ಐದು ಸಂಗತಿಗಳನ್ನು ವಿಚಾರಿಸಲು ಕೋರಿದೆ:

(ಅ) ವೀಸಾದ ಮೇಲೆ ಬರೆದಿರುವುದು ಉದ್ಯೋಗವೋ, ಭೇಟಿಯೋ?
(ಆ) ಏಜೆಂಟರ ನೋಂದಣಿ ಇ-ಮೈಗ್ರೇಟ್‌ನಲ್ಲಿ ಚಾಲ್ತಿಯಲ್ಲಿದೆಯೇ?
(ಇ) ಕೊಟ್ಟ ಹಣಕ್ಕೆ ರಸೀದಿ ಇದೆಯೇ, ಮೊತ್ತ ಮಿತಿಯೊಳಗಿದೆಯೇ?
(ಈ) ಶಾಲೆಯು ಇರುವುದು ನಿಜವೇ, ಅದರ ಅಧಿಕೃತ ದೂರವಾಣಿಗೆ ಕರೆ ಮಾಡಿ ನೋಡಿದ್ದಾರೆಯೇ?
(ಉ) ಪಾಸ್‌ಪೋರ್ಟ್, ವೀಸಾ, ಒಪ್ಪಂದಗಳ ನಕಲು ಮನೆಯಲ್ಲಿ ಇದೆಯೇ?

ಇವುಗಳಲ್ಲಿ ಯಾವುದಕ್ಕೆ ಉತ್ತರ ಸಿಗದಿದ್ದರೂ ಸಾಲದ ಪತ್ರಕ್ಕೆ ಸಹಿ ಹಾಕುವುದನ್ನು ಮುಂದೂಡಲು ತಿಳಿಸಬೇಕು. ಸಂದೇಹ ನಿವಾರಣೆಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ 1800 11 3090 ಇದೆ. ಬೆಂಗಳೂರಿನಲ್ಲಿ ವಲಸಿಗರ ಸಂರಕ್ಷಣಾಧಿಕಾರಿಯ ಕಚೇರಿಯಿದೆ. ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರದಲ್ಲಿಯೂ ವಿಚಾರಿಸಬಹುದು. ವಿದೇಶಕ್ಕೆ ಹೋದ ಬಳಿಕ ತೊಂದರೆಯಾದರೆ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಮನೆಯವರೇ ದೂರು ದಾಖಲಿಸಬಹುದು. ವಂಚನೆ ನಡೆದಿದ್ದರೆ ತಡಮಾಡದೆ ಪೊಲೀಸ್ ಠಾಣೆಗೆ ದೂರು ನೀಡಲು ಕುಟುಂಬಕ್ಕೆ ಸದಸ್ಯರು ಜೊತೆಯಾಗಬೇಕು. ಮರ್ಯಾದೆಗೆ ಅಂಜಿ ಸುಮ್ಮನಾದಷ್ಟೂ ಅದೇ ಏಜೆಂಟರು ಪಕ್ಕದ ಹಳ್ಳಿಗೆ ಹೋಗುತ್ತಾರೆ.

ಮುಂದಿನ ಗ್ರಾಮ ಸಭೆಯಲ್ಲಿ ಮೇಲಿನ ಐದು ಪ್ರಶ್ನೆಗಳನ್ನು ಓದಿ ಹೇಳಿ, ಒಂದು ಪ್ರತಿಯನ್ನು ಗ್ರಂಥಾಲಯದ ಸೂಚನಾ ಫಲಕದಲ್ಲಿ ಅಂಟಿಸಿದರೆ ಉಪಯುಕ್ತವಾಗುತ್ತದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ನ್ಯಾಮತಿ ತಾಲ್ಲೂಕು