ಬೆರಳೆತ್ತಿದ್ದನ್ನು ಹೇಳದ ಕೀಲಿಮಣೆ

ನಿಮ್ಮ ಕೀಲಿಮಣೆಯ ಬಲಭಾಗದಲ್ಲಿರುವ ಬಾಣದ ಗುರುತಿನ ಕೀಲಿಗಳನ್ನು ಒಮ್ಮೆ ನೋಡಿ. ಮೇಲೊಂದು, ಅದರ ಕೆಳಗೆ ಸಾಲಾಗಿ ಮೂರು. ಈ ಜೋಡಣೆಯನ್ನು ರೂಢಿಗೆ ತಂದದ್ದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್, ಅಂದರೆ ಡೆಕ್ ಕಂಪನಿಯ ಎಲ್‌ಕೆ201 ಎಂಬ ಕೀಲಿಮಣೆ. 1982ರಲ್ಲಿ ರೇನ್‌ಬೋ ಕಂಪ್ಯೂಟರಿನೊಂದಿಗೆ ಬಂದು, ಮರುವರ್ಷ ವಿಟಿ220 ಟರ್ಮಿನಲ್ ಜೊತೆ ಕಚೇರಿ, ಪ್ರಯೋಗಾಲಯಗಳನ್ನು ಹೊಕ್ಕಿತು. ಐಬಿಎಂ ಕೂಡ ತನ್ನ ಮಾಡೆಲ್ ಎಂ ಕೀಲಿಮಣೆಗೆ ಇದೇ ಜೋಡಣೆ ಹಿಡಿದ ಮೇಲೆ ಎಲ್ಲ ಕಡೆ ಅದೇ ನಿಂತಿತು.

ಮೂಲ ಎಲ್‌ಕೆ201 ಮಾತ್ರ ಇವತ್ತಿನ ಕಂಪ್ಯೂಟರಿಗೆ ನೇರವಾಗಿ ಹೊಂದುವುದಿಲ್ಲ. 1998ರಲ್ಲಿ ಕಾಂಪ್ಯಾಕ್ ಡೆಕ್ ಅನ್ನು ಕೊಂಡಿತು. ಟರ್ಮಿನಲ್‌ಗಳು ಗುಜರಿ ಸೇರಿದವು, ಅವುಗಳ ಜೊತೆ ಕೀಲಿಮಣೆಗಳೂ. ಒಂದು ಕೀಲಿಯೂ ಕೆಡದವನ್ನು ಹಾಗೆ ಎಸೆದದ್ದು ನೆನೆದರೆ ಹೊಟ್ಟೆ ಉರಿಯುತ್ತದೆ.

ಉಳಿದವನ್ನು ಯುಎಸ್‌ಬಿಗೆ ಹೊಂದಿಸುವ ಹವ್ಯಾಸಿಗಳು ಮೊದಲು ನೋಡುವುದು ತಂತಿಯ ತುದಿಯನ್ನು. ಲ್ಯಾಂಡ್‌ಲೈನ್ ಫೋನಿನ ರಿಸೀವರಿಗೆ ಸಿಕ್ಕಿಸುವಂಥ ಪುಟ್ಟ ಪ್ಲಗ್ ಅಲ್ಲಿದೆ. ಒಳಗೆ ನಾಲ್ಕೇ ತಂತಿ: 12 ವೋಲ್ಟಿನದು, ಗ್ರೌಂಡ್, ಕಳಿಸಲು ಒಂದು, ಪಡೆಯಲು ಒಂದು. ವೇಗ ಸೆಕೆಂಡಿಗೆ 4800 ಬಿಟ್. ಯುಎಸ್‌ಬಿಯಲ್ಲಿ ಸಿಗುವುದು 5 ವೋಲ್ಟ್, ಹಾಗಾಗಿ ವೋಲ್ಟೇಜ್ ಏರಿಸುವ ಸಣ್ಣ ಬೋರ್ಡ್ ಬೇಕು. ಸಿಗ್ನಲ್ ಮಟ್ಟ ಸರಿಹೊಂದಿಸಲು ಮ್ಯಾಕ್ಸ್232 ಜಾತಿಯ ಚಿಪ್, ನಡುವೆ ದುಭಾಷಿಯಾಗಿ ಎಟಿಮೆಗಾ32ಯು4 ಥರದ ಮೈಕ್ರೊಕಂಟ್ರೋಲರ್. ಬೆಸುಗೆಯ ಕೆಲಸ ಇಷ್ಟೇ.

ನಿಜವಾದ ತಕರಾರು ಆಮೇಲಿನದು. ಯುಎಸ್‌ಬಿ ಕೀಲಿಮಣೆ ಕಂಪ್ಯೂಟರಿಗೆ ಸಾಮಾನ್ಯವಾಗಿ 8 ಬೈಟಿನ ವರದಿ ಒಪ್ಪಿಸುತ್ತದೆ: ಈ ಗಳಿಗೆಯಲ್ಲಿ ಯಾವ ಯಾವ ಕೀಲಿ ಬೆರಳಡಿ ಇವೆ ಎಂದು. ಎಲ್‌ಕೆ201ಗೆ ಆ ಅಭ್ಯಾಸವೇ ಇಲ್ಲ. ‘ಎ’ ಒತ್ತಿದರೆ ಅದರ ಸಂಖ್ಯೆ ಹೇಳುತ್ತದೆ, ಬೆರಳೆತ್ತಿದಾಗ ಸುಮ್ಮನಿರುತ್ತದೆ. ಒತ್ತಿಯೇ ಹಿಡಿದರೆ 180 ಎಂಬ ಸಂಖ್ಯೆಯನ್ನು ಮತ್ತೆ ಮತ್ತೆ ಕಳಿಸುತ್ತದೆ. ಹಿಂದಿನದನ್ನೇ ಇನ್ನೊಮ್ಮೆ ಮೂಡಿಸು ಎಂದು ಅದರರ್ಥ. ಟರ್ಮಿನಲ್ಲಿಗೆ ಅಕ್ಷರ ತಲುಪಿದರೆ ಸಾಕಿತ್ತು. ಇದನ್ನು ಹಾಗೇ ದಾಟಿಸಿದರೆ, ‘ಎ’ ಕೀಲಿಯನ್ನು ಬಿಟ್ಟದ್ದು ಕಂಪ್ಯೂಟರಿಗೆ ತಿಳಿಯದೆ ಪರದೆ ತುಂಬ ‘ಎ’ಗಳೇ ಹರಿಯುತ್ತವೆ.

ಪರಿಹಾರ ಕೀಲಿಮಣೆಯೊಳಗೇ ಇತ್ತು. ಅದರೊಳಗಿನ 8051 ಚಿಪ್ ಆಜ್ಞೆಗಳನ್ನು ಕೇಳುತ್ತದೆ. ಕೀಲಿಗಳನ್ನು 14 ಗುಂಪು ಮಾಡಿ, ಪ್ರತಿ ಗುಂಪಿನ ನಡವಳಿಕೆಯನ್ನೂ ಬೇರೆಬೇರೆಯಾಗಿ ಬದಲಿಸುವ ಅವಕಾಶವನ್ನು ಡೆಕ್ ಎಂಜಿನಿಯರ್‌ಗಳು ಇಟ್ಟಿದ್ದರು. ಎಲ್ಲ ಗುಂಪಿಗೂ ‘ಒತ್ತಿದ್ದನ್ನೂ ಬಿಟ್ಟದ್ದನ್ನೂ ಹೇಳು’ ಎಂದು ಆಜ್ಞೆ ಕಳಿಸಬೇಕು. ಆಗಲೂ ಒಂದು ತೊಡಕು: ಒತ್ತಿದಾಗ ಬರುವ ಸಂಖ್ಯೆಯೇ ಬಿಟ್ಟಾಗಲೂ ಬರುತ್ತದೆ. ಮೊದಲನೆಯದು ಒತ್ತಿದ್ದು, ಎರಡನೆಯದು ಬಿಟ್ಟದ್ದು ಎಂದು ಮೈಕ್ರೊಕಂಟ್ರೋಲರ್ ತಾನೇ ಲೆಕ್ಕ ಇಡಬೇಕು. ಒಂದು ಬೈಟ್ ದಾರಿಯಲ್ಲಿ ಕಳೆದುಹೋದರೆ ಲೆಕ್ಕವೆಲ್ಲ ತಲೆಕೆಳಗು. ಅದನ್ನೂ ಆ ಎಂಜಿನಿಯರ್‌ಗಳು ಮೊದಲೇ ಯೋಚಿಸಿದ್ದರು. ಕೊನೆಯ ಬೆರಳೂ ಮೇಲೆದ್ದಾಗ ಕೀಲಿಯ ಸಂಖ್ಯೆಗೆ ಬದಲು 179 ಬರುತ್ತದೆ: ಎಲ್ಲವೂ ಬಿಟ್ಟಾಯಿತು, ಲೆಕ್ಕ ಹೊಸದಾಗಿ ಶುರುಮಾಡು. ಲಿನಕ್ಸಿನಲ್ಲಿ ಈ ಕೀಲಿಮಣೆಗಾಗಿಯೇ ಇರುವ ಎಲ್‌ಕೆಕೆಬಿಡಿ ಡ್ರೈವರ್ ನಡೆಯುವುದೂ ಇದೇ ಲೆಕ್ಕದ ಮೇಲೆ.

ಇಷ್ಟೆಲ್ಲ ಸಾಧ್ಯವಾದದ್ದು ಡೆಕ್ ತನ್ನ ತಾಂತ್ರಿಕ ಕೈಪಿಡಿಗಳಲ್ಲಿ ಪ್ರತಿ ಕೀಲಿಯ ಸಂಖ್ಯೆಯನ್ನೂ ಪ್ರತಿ ಆಜ್ಞೆಯನ್ನೂ ಅಚ್ಚು ಹಾಕಿಸಿದ್ದರಿಂದ. ಈಗ ಕೊಂಡ ಕೀಲಿಮಣೆಯ ಡಬ್ಬಿಯಲ್ಲಿ ಸಿಗುವುದು ವಾರಂಟಿ ಚೀಟಿ. ನಲವತ್ತು ವರ್ಷದ ನಂತರ ಯಾರಾದರೂ ಇದನ್ನು ಉಳಿಸಿಕೊಳ್ಳಬೇಕೆಂದರೆ ಯಾವ ಪುಸ್ತಕ ತೆರೆಯಬೇಕು?

ಕೊನೆಗೆ ಉಳಿಯುವುದು ಕೀಲಿಗಳ ಹೊಂದಾಣಿಕೆ. ಎಲ್‌ಕೆ201ರ ಮೇಲಿನ ಸಾಲು ಎಫ್20ರ ತನಕ ಹೋಗುತ್ತದೆ. ಯುಎಸ್‌ಬಿ ಪಟ್ಟಿಯಲ್ಲಿ ಎಫ್24ರವರೆಗೆ ಜಾಗವಿದೆ, ಹೆಲ್ಪ್ ಕೀಲಿಗೂ ಇದೆ. ಅದರ ಪಕ್ಕದ ‘ಡೂ’ ಕೀಲಿಗೆ ಮಾತ್ರ ಅದೇ ಹೆಸರಿನ ಜಾಗವಿಲ್ಲ. ‘ಎಕ್ಸಿಕ್ಯೂಟ್’ ಎಂಬುದೊಂದಿದೆ, ಅದನ್ನು ‘ಡೂ’ಗೇ ಕೊಡಬೇಕೆಂಬುದು ನನ್ನ ಪಕ್ಷ.